ಮೂಕನ ಪಾಲಿನ ರೊಟ್ಟಿ

ಬಸ್ಸಿನಲ್ಲಿ ಬುತ್ತಿ ಬಿಚ್ಚುವುದಕ್ಕೂ ಒಂದು ರೀತಿ ಇದೆ. ಬಾಜೂ ಕೂತವರನ್ನು ‘ಬರ್ರಿ, ಉಣ್ಣೂಣು’ ಎಂದು ಕರೆಯದೆ ತುತ್ತು ಎತ್ತಬಾರದು. ಕರೆಸಿಕೊಂಡವರು ‘ನಂದು ಆಗ್ಯಾದ್ರಿ, ನೀವು ಉಣ್ರಿ’ ಅನ್ನಬೇಕು, ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ ಸರಿಯೆ. ಇವರು ಇನ್ನೊಮ್ಮೆ ಕರೆಯಬೇಕು, ಅವರು ಇನ್ನೊಮ್ಮೆ ಒಲ್ಲೆ ಅನ್ನಬೇಕು. ಮೂರನೆಯ ಸಲವೂ ಕರೆದರೆ ಅದು ಖರೆ ಖರೆ ಕರೆದದ್ದು. ಆಗ ಒಂದು ತುಣುಕಾದರೂ ತೆಗೆದುಕೊಳ್ಳದಿದ್ದರೆ ಅದಕ್ಕೆ ಸೊಕ್ಕು ಅನ್ನುತ್ತಾರೆ.

ಇದನ್ನು ಯಾವ ಸಾಲಿಯಲ್ಲೂ ಕಲಿಸುವುದಿಲ್ಲ. ನಾನು ಕಲಿತದ್ದು ನಮ್ಮಪ್ಪನ ಜೊತೆ ಊರೂರು ತಿರುಗಿ. ನನ್ನ ಹೆಸರು ಮಲ್ಲಣ್ಣ, ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಬೇಳೆ ಅಂಗಡಿ, ಖೂಬಾ ಪ್ಲಾಟಿನಲ್ಲಿ ಮನೆ. ಅರವತ್ತು ದಾಟಿದೆ. ಇಂಥ ರೀತಿ ರಿವಾಜು ಗೊತ್ತಿಲ್ಲದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಹೋದ ತಿಂಗಳು ಕಮಲಾಪುರದ ಬಸ್ಸಿನಲ್ಲಿ ಇದೇ ರೀತಿ ನನ್ನ ತಲೆ ಕೆಡಿಸಿಬಿಟ್ಟಿತು, ಅದು ಇವತ್ತಿಗೂ ಪೂರ್ತಿ ನೆಟ್ಟಗಾಗಿಲ್ಲ.

ನಾನು ಹೊರಟಿದ್ದು ಮಗಳು ಅಂಬಿಕಾಗೆ ಒಂದು ಉತ್ತರ ಕೊಡಲು. ಯಾವ ಉತ್ತರ ಎಂಬುದು ಬಸ್ ಹತ್ತುವಾಗಲೂ ನನಗೇ ಗೊತ್ತಿರಲಿಲ್ಲ.

ಅಂಬಿಕಾಗೆ ಆಗ ಏಳನೆಯ ತಿಂಗಳು. ನಮ್ಮಲ್ಲಿ ಬಸುರಿಗೆ ಕುಬಸ ಮಾಡುತ್ತಾರೆ. ತವರಿನವರು ಹೋಳಿಗೆ, ಕಡುಬು, ಬಗೆಬಗೆಯ ರೊಟ್ಟಿ ಕಟ್ಟಿಕೊಂಡು ಗಂಡನ ಮನೆಗೆ ಹೋಗಬೇಕು, ಹಸಿರು ಸೀರೆ ಉಡಿಸಬೇಕು, ಆಮೇಲೆ ಎರಡೂ ಕಡೆಯ ಬೀಗರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಅಡಚಣೆ ಇದ್ದದ್ದು ಈ ಕೊನೆಯದರಲ್ಲಿ. ನಾನು ಅವಳ ಗಂಡನ ಮನೆಯಲ್ಲಿ ಉಣ್ಣುವವನಲ್ಲ.

ಎರಡು ವರ್ಷದ ಹಿಂದೆ ಅವಳ ಮದುವೆಯಲ್ಲಿ ಕೊನೆಯ ಪಂಕ್ತಿಗೆ ಹೋಳಿಗೆ ತೀರಿತು. ತಪ್ಪು ಅಡಿಗೆಯವನದು, ನನ್ನದಲ್ಲ. ಅದೇ ಪಂಕ್ತಿಯಲ್ಲಿ ಅಂಬಿಕಾಳ ಮಾವ ನಿಂಗಣ್ಣ ಕೂತಿದ್ದರು. ಖಾಲಿ ಬುಟ್ಟಿ ನೋಡಿ, ಚಪ್ಪರಕ್ಕೆಲ್ಲ ಕೇಳಿಸುವ ಹಾಗೆ, “ಬ್ಯಾಳಿ ಅಂಗಡಿ ಮಾಲಕರ ಮನ್ಯಾಗ ಬ್ಯಾಳಿನೇ ತೀರಿತಂತ್ರೆಪ್ಪಾ!” ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಅದನ್ನು ಅಲ್ಲೇ ಕುಕ್ಕಿ, “ಇನ್ನ ಮ್ಯಾಲ ನಿಮ್ಮ ಮನಿ ನೀರು ಮುಟ್ಟಿದ್ರ ಕೇಳ್ರಿ” ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಂದಿನಿಂದ ನಾನು ಮಗಳನ್ನು ನೋಡಲು ಹೋದರೆ ಅವರ ಗೇಟಿನ ಹೊರಗೆ ನಿಲ್ಲುತ್ತೇನೆ. ಅಂಬಿಕಾ ಪ್ರತಿ ಸಲವೂ ತಂಬಿಗೆಯಲ್ಲಿ ನೀರು ತರುತ್ತಾಳೆ. ನಾನು ಪ್ರತಿ ಸಲವೂ “ಬ್ಯಾಡವ್ವಾ” ಅನ್ನುತ್ತೇನೆ. ಅವಳು ಏನೂ ಅನ್ನದೆ ಒಳಗೆ ಒಯ್ಯುತ್ತಾಳೆ. ಎರಡು ವರ್ಷ ಹೀಗೇ ನಡೆಯಿತು. ಹೋದ ತಿಂಗಳು ಮಾತ್ರ ಫೋನಿನಲ್ಲಿ ಅಂದೇಬಿಟ್ಟಳು.

“ಅಪ್ಪಾ, ನೀ ಪಂಕ್ತಿಯಾಗ ಕುಂತು ಉಣ್ಣಾಂವ ಇದ್ರ ಕುಬಸದ ಬುತ್ತಿ ತಗೊಂಡು ಬಾ. ಇಲ್ಲಂದ್ರ ಕುಬಸಾನೇ ಬ್ಯಾಡ. ಬಂದ ಮಂದಿ ಮುಂದ ನೀ ಗೇಟಿನ ಹೊರಗ ನಿಲ್ಲೂದು ನನ್ನ ಕೈಲಿ ನೋಡಾಕ ಆಗಂಗಿಲ್ಲ.”

“ನಾಡಿದ್ದು ಮಧ್ಯಾಹ್ನದ ಬಸ್ಸಿಗೆ ಬಂದು ಹೇಳ್ತೀನಿ,” ಎಂದು ಫೋನಿಟ್ಟೆ. ಹೆಂಡತಿ ವಿಮಲಾಬಾಯಿ ಪಕ್ಕದಲ್ಲೇ ನಿಂತಿದ್ದಳು. “ಮೊದಲನೇ ಬಸುರಿಗಿ ಕುಬಸ ಇಲ್ಲಂದ್ರ ಆ ಹುಡುಗಿ ಜನ್ಮ ಇರೂತನಕ ಮರಿಯಂಗಿಲ್ಲ. ನಿಮ್ಮ ಹಟ ಉಪ್ಪಿನಕಾಯಿ ಹಾಕ್ಕೊಂಡು ನೆಕ್ಕ್ರಿ” ಎಂದಳು. ಆ ಎರಡು ದಿನ ನನಗೆ ಅನ್ನ ರುಚಿಸಲಿಲ್ಲ. ಹೂಂ ಅಂದರೆ ನಾಲಿಗೆ ಹೋಯಿತು, ಇಲ್ಲ ಅಂದರೆ ಮಗಳು ಹೋದಳು.

ಬಸ್ ನಿಲ್ದಾಣದಲ್ಲಿ ಜಾತ್ರೆಯಂಥ ಗದ್ದಲ. ಹೇಗೋ ಮೂರು ಜನರ ಸೀಟಿನಲ್ಲಿ ಕಿಟಕಿಯ ಕಡೆ ಜಾಗ ಹಿಡಿದೆ. ಆಚೆ ತುದಿಗೆ ಒಬ್ಬ ಕಾಲೇಜು ಹುಡುಗಿ ಕೂತು, ಕಿವಿಗೆ ವೈರ್ ಸಿಕ್ಕಿಸಿಕೊಂಡು, ಓಢಣಿಯ ಮರೆಯಲ್ಲಿ ಚಿಪ್ಸ್ ತಿನ್ನತೊಡಗಿದಳು. ಕರೆಯಲಿಲ್ಲ, ನೋಡಲೂ ಇಲ್ಲ. ಈಗಿನವರ ರೀತಿಯೇ ಇಷ್ಟು ಎಂದು ಒಳಗೇ ಬೈದುಕೊಂಡೆ. ನಡುವಿನ ಜಾಗ ಖಾಲಿ ಇತ್ತು.

ಆಗ ಕಂಡಕ್ಟರ್ ಒಬ್ಬರು ಮುದುಕರ ರೆಟ್ಟೆ ಹಿಡಿದು ಕರೆತಂದು, “ಇಲ್ಲಿ ಕುಂಡ್ರಿ ಚಾಚಾ, ಹುಷಾರ್” ಎಂದು ನಡುವೆ ಕೂರಿಸಿದ. ಮುದುಕರಿಗೆ ಕರಿ ಕನ್ನಡಕ, ಬಿಳಿ ಟೋಪಿ, ತೊಡೆಯ ಮೇಲೆ ಸ್ಟೀಲಿನ ಎರಡು ಅಂತಸ್ತಿನ ಬುತ್ತಿ ಡಬ್ಬಿ. ನಿಂಗಣ್ಣ!

ನಾನು ಕಿಟಕಿಯ ಕಡೆ ಮುಖ ತಿರುವಿದೆ. ಅವರೇ ಹುಡುಗಿಗೆ ಹೇಳತೊಡಗಿದರು, “ಕಣ್ಣಿನ ದವಾಖಾನಿಗಿ ಬಂದಿದ್ದೆವ್ವಾ. ಎಂಥದೋ ಔಷಧ ಬಿಟ್ಟಾರ. ಹತ್ರಂದು ಏನೂ ಕಾಣವಲ್ದು, ಎಲ್ಲಾ ಮಬ್ಬು ಮಬ್ಬು. ಸಂಜಿತನಕ ಹಿಂಗೇ ಇರ್ತದಂತ.”

ಕಾಣುವುದಿಲ್ಲ! ನನಗೆ ಹೋದ ಜೀವ ಬಂದಂತಾಯಿತು. ಎದ್ದು ಹೋಗೋಣವೆಂದರೆ ಕಾಲಿಡಲು ಜಾಗವಿಲ್ಲ. ಮಾತಾಡಿದರೆ ದನಿ ಗುರುತು ಸಿಗುತ್ತದೆ. ಬೀಗರನ್ನು ಮೊದಲು ಕಂಡವನೇ ಮೊದಲು ಶರಣು ಅನ್ನಬೇಕು, ಅದೂ ಒಂದು ರೀತಿ. ನಾನಂತೂ ಅನ್ನುವವನಲ್ಲ. ಕಮಲಾಪುರದ ತನಕ ಬಾಯಿ ಮುಚ್ಚಿಕೊಂಡರಾಯಿತು ಎಂದು ನಿಶ್ಚಯಿಸಿದೆ.

ಬಸ್ ಊರು ದಾಟಿದ ಮೇಲೆ ಕಂಡಕ್ಟರ್ ಬಂದ. ಡ್ರೈವರ್ ಅವನನ್ನು ನಬಿಸಾಬ್ ಎಂದು ಕೂಗುತ್ತಿದ್ದ. “ಎಲ್ಲಿಗ್ರಿ ಸಾವ್ಕಾರ?” ಎಂದು ನನ್ನನ್ನು ಕೇಳಿದ. ನಾನು ನೋಟು ಚಾಚಿ ಮುಂದಕ್ಕೆ ಕೈ ಮಾಡಿದೆ.

“ಅಲ್ರೀ, ಮುಂದಕ ಅಂತೂ ಎಲ್ಲಾರೂ ಹೊಂಟಾರ. ಯಾವ ಊರಿಗಿ? ಮಹಾಗಾಂವಾ? ಕಮಲಾಪುರಾ?”

ಎರಡನೆಯದಕ್ಕೆ ಗೋಣು ಹಾಕಿದೆ. ಹುಡುಗಿ ಕಿವಿಯ ವೈರ್ ತೆಗೆದು ಮೆಲ್ಲಗೆ, “ಅವ್ರಿಗಿ ಮಾತು ಬರಂಗಿಲ್ಲ ಅನ್ನಸ್ತದ್ರಿ” ಎಂದಳು. ನಬಿಸಾಬ್ “ಅರೆ ಪಾಪ” ಎಂದು ಟಿಕೆಟ್ ಕೊಟ್ಟು ಹೋದ. ನಿಂಗಣ್ಣನವರು ನನ್ನ ಕಡೆ ತಿರುಗಿ, ಕೈ ತಡವಿ, ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದರು. ಇಷ್ಟು ಸಿಟ್ಟು ಬಂತು ನನಗೆ! ಇಡೀ ಗಂಜಿಗೆ ಕೇಳಿಸುವಂಥ ಗಂಟಲು ನನ್ನದು. ನನ್ನನ್ನು ಮೂಕನೆಂದು ಮರುಗುತ್ತಾರೆ!

ಆಮೇಲೆ ಅವರು ಡಬ್ಬಿಯ ಕೊಂಡಿ ಬಿಚ್ಚಿದರು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಅಂಬಿಕಾ’ ಎಂದು ಕೊರೆದದ್ದು ಕಂಡಿತು. ಮದುವೆಗೆ ನಾನೇ ಕೊಡಿಸಿದ ಡಬ್ಬಿ. ಮುಚ್ಚಳ ತೆಗೆದ ಕೂಡಲೆ ವಾಸನೆ ಬಂತು. ಜೋಳದ ರೊಟ್ಟಿ, ಪುಂಡಿ ಪಲ್ಯ, ಕೆಂಪು ಮೆಣಸಿನಕಾಯಿ ಹಿಂಡಿ. ಪಲ್ಯದಲ್ಲಿ ಬೆಳ್ಳುಳ್ಳಿಯನ್ನು ಜಜ್ಜದೆ ಇಡಿಯಾಗಿ ಹಾಕಿದ್ದಳು. ಅದು ನಮ್ಮ ಮನೆಯ ಚಾಳಿ, ವಿಮಲಾಬಾಯಿ ಕಲಿಸಿದ್ದು. ಎರಡು ವರ್ಷದಿಂದ ನಾನು ಮಗಳ ಕೈ ಅಡಿಗೆ ಉಂಡಿರಲಿಲ್ಲ. ಬಾಯಲ್ಲಿ ನೀರೂ ಬಂತು, ಕಣ್ಣಲ್ಲೂ ಬಂತು. ಕಿಟಕಿಯ ಗಾಳಿಗೆ ಎಂದು ಒರೆಸಿಕೊಂಡೆ.

“ಬಾರವ್ವಾ, ಉಣ್ಣೂಣು,” ಎಂದು ಅವರು ಮೊದಲು ಹುಡುಗಿಯನ್ನು ಕರೆದರು.

“ಆಗ್ಯಾದ್ರಿ ಅಜ್ಜಾ, ನೀವು ಉಣ್ರಿ,” ಎಂದಳು ಅವಳು, ಬಾಯಲ್ಲಿ ಚಿಪ್ಸ್ ಇಟ್ಟುಕೊಂಡೇ. ರೀತಿ ಬರುತ್ತದೆ ಇವಳಿಗೆ! ಸ್ವಲ್ಪ ನಾಚಿಕೆಯಾಯಿತು ನನಗೆ.

ಈಗ ನನ್ನ ಕಡೆ. “ಬರ್ರಿ ಯಪ್ಪಾ, ಉಣ್ಣೂಣು.”

ನಾನು ಕೈಯಾಡಿಸಿ ಬೇಡ ಎಂದೆ. ಅವರಿಗೆ ಕಾಣಲಿಲ್ಲ. ಇನ್ನೊಮ್ಮೆ ಕರೆದರು, ನಾನು ಇನ್ನೊಮ್ಮೆ ಕೈಯಾಡಿಸಿದೆ. ಅವರು ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಸುಮ್ಮನೆ ಕೂತರು. ಬಾಯಿಗಿಡಲಿಲ್ಲ. ನಾನು ‘ಆಗ್ಯಾದ’ ಅನ್ನುವ ತನಕ ಅವರು ಉಣ್ಣುವ ಹಾಗಿಲ್ಲ, ನನಗೆ ಅನ್ನಲು ಬಾಯಿಲ್ಲ. ಬಸ್ ಒಂದೆರಡು ಹಳ್ಳಿ ದಾಟಿತು. ಅವರ ಕೈ ಸಣ್ಣಗೆ ನಡುಗತೊಡಗಿತು.

“ಅಜ್ಜಾ, ಕೈ ಯಾಕ ನಡಗಾಕತ್ತಾವ?” ಎಂದಳು ಹುಡುಗಿ.

“ಸಕ್ರಿ ಬ್ಯಾನಿ ಅದವ್ವಾ ನನಗ. ಮುಂಜಾನಿ ಗುಳಗಿ ತಗೊಂಡೀನಿ, ದವಾಖಾನ್ಯಾಗ ಪಾಳಿ ಹಚ್ಚಿ ಹೊಟ್ಟಿಗಿ ಏನೂ ಹಾಕಿಲ್ಲ. ಖರೆ, ಬಾಜೂ ಕುಂತ ಮನಷ್ಯಾ ತಗೊಳ್ಳದ ನಾ ಹೆಂಗ ಉಣ್ಲಿ? ಮಾತು ಬಾರದವ್ರಿಗಿ ಹಸಿವಿ ಇರಂಗಿಲ್ಲೇನು?” ಎಂದು ನನ್ನ ಕಡೆ ತಿರುಗಿ ಮೂರನೆಯ ಸಲ, “ತಗೋರಿ ಯಪ್ಪಾ,” ಎಂದರು. ಅಷ್ಟರ ಮೇಲೆ ನನ್ನ ಕೈ ಹುಡುಕಿ ಹಿಡಿದು, ಅಂಗೈಯಲ್ಲಿ ಅರ್ಧ ರೊಟ್ಟಿ ಇಟ್ಟು, ಮೇಲೆ ಪಲ್ಯ, ಅದರ ಮೇಲೆ ಹಿಂಡಿ ಹಾಕಿದರು. ಕೈಗೆ ಬಂದ ಅನ್ನವನ್ನು ಹಿಂದಕ್ಕೆ ಕೊಡಬಾರದು.

ಅಂಗೈಯಲ್ಲಿ ರೊಟ್ಟಿ ಹಿಡಿದು ನಾನು ಲೆಕ್ಕ ಹಾಕಿದೆ. ಡಬ್ಬಿ ನಾನು ಕೊಟ್ಟದ್ದು. ಅಡಿಗೆ ನನ್ನ ಮಗಳದು. ಬಸ್ ಸರ್ಕಾರದ್ದು. ಹಿಟ್ಟು ಮಾತ್ರ ಅವರ ಮನೆಯದು. ಹಾಗಾದರೆ ಇದು ಯಾರ ಮನೆಯ ಅನ್ನ? ನನ್ನ ಆಣೆಯ ಮಾತನ್ನು ಮತ್ತೆ ನೆನೆಸಿಕೊಂಡೆ. ‘ನಿಮ್ಮ ಮನಿ ನೀರು ಮುಟ್ಟಿದ್ರ’ ಎಂದಿದ್ದೆ. ನೀರು. ರೊಟ್ಟಿಯ ಸುದ್ದಿ ನಾನು ಎತ್ತಿರಲಿಲ್ಲ. ಆದರೆ ನೀರಿಲ್ಲದೆ ಹಿಟ್ಟು ನಾದುತ್ತಾರೆಯೆ? ಬೆಂದ ಮೇಲೆ ಆ ನೀರು ಉಳಿಯುತ್ತದೆಯೆ, ಆರಿ ಹೋಗುತ್ತದೆಯೆ? ಯಾರನ್ನು ಕೇಳಲಿ? ನಬಿಸಾಬ್ ಮಹಾಗಾಂವ, ಮಹಾಗಾಂವ ಎಂದು ಕೂಗುತ್ತಿದ್ದ.

ಬಾಜೂ ಮುದುಕರ ಕೈ ನಡುಗುತ್ತಲೇ ಇತ್ತು. ಸಾಯಲಿ ಎಂದು ತುತ್ತು ಮಾಡಿ ಬಾಯಿಗಿಟ್ಟೆ.

ನಾನು ಅಗಿಯುವುದು ಕೇಳಿಸಿದ ಮೇಲೆಯೇ ಅವರು ಉಂಡರು. ಆ ರುಚಿಯ ಬಗ್ಗೆ ಹೇಳಲಾರೆ. ಅರ್ಧ ರೊಟ್ಟಿ ಮುಗಿದದ್ದೇ ತಿಳಿಯಲಿಲ್ಲ. ಅವರು ಇನ್ನೊಂದು ಅರ್ಧ ಇಟ್ಟರು, ಅದೂ ಹೋಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಬರುವುದಿಲ್ಲ ಎಂದು ವಿಮಲಾಬಾಯಿಯ ಅಭಿಪ್ರಾಯ.

ಉಣ್ಣುತ್ತ ಉಣ್ಣುತ್ತ ನಿಂಗಣ್ಣನವರು ಮಾತು ತೆಗೆದರು. “ನಮ್ಮ ಸೊಸಿ ಮಾಡಿದ್ದು ಇದು. ನಾ ಎಲ್ಲಿಗಿ ಹೊಂಟ್ರೂ ಎರಡಾಳಿನ ಬುತ್ತಿ ಕಟ್ತಾಳ. ದಾರ್ಯಾಗ ಯಾರಾದ್ರೂ ಹಸದವ್ರು ಸಿಕ್ರ ಕೊಡ್ರಿ ಮಾವಾರ ಅಂತಾಳ. ಅವರಪ್ಪ ಒಬ್ಬ ಹಾನ, ಕಲಬುರಗ್ಯಾಗ ಬ್ಯಾಳಿ ಅಂಗಡಿ. ಹುಲಿ ಅಂದ್ರ ಹುಲಿ. ಮೂಗಿನ ತುದ್ಯಾಗ ಸಿಟ್ಟು.”

ನಾನು ಅಗಿಯುವುದನ್ನು ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದೆ.

“ಮದುವ್ಯಾಗ ನಾ ಒಂದು ಚಾಷ್ಟಿ ಮಾಡಿದೆ. ಚಾಷ್ಟಿನೇ ಅದು, ದೇವರಾಣಿ. ಬೀಗರಿಗಿ ಬೀಗರು ಅಲ್ಲದ ಮತ್ಯಾರು ಕಾಡಸಬೇಕು? ಮಂದಿ ಅಷ್ಟು ನಗ್ತಾರಂತ ನಂಗೇನು ಗೊತ್ತು? ಆ ಮನಷ್ಯಾ ಸಿಟ್ಟಿಗೆದ್ದು ಹ್ವಾದ. ಮರುದಿನಾನೇ ಹೋಗಿ ‘ತಪ್ಪಾತ್ರಿ ಬೀಗರ’ ಅನಬೇಕಿತ್ತು ನಾ. ನಮ್ಮಣ್ಣ ತಮ್ಮಂದಿರು, ಗಂಡಿನ ಕಡ್ಯಾವ ನೀ ಯಾಕ ಬಾಗ್ತಿ ಅಂದ್ರು. ಅವ್ರ ಮಾತು ಕೇಳಿ ಕುಂತೆ. ಈಗ ಆ ಹುಡುಗಿ ನೀರಿನ ತಂಬಿಗಿ ಹಿಡಕೊಂಡು ಗೇಟಿಗಿ ಹೋಗ್ತದ, ತುಂಬಿದ ತಂಬಿಗಿ ತಿರುಗಿ ತರ್ತದ. ಒಳಗ ಬಂದು ಆ ನೀರು ಚೆಲ್ಲಂಗಿಲ್ಲ, ತಾನೇ ಕುಡಿತದ. ಬಾಗಲದಾಗ ಕುಂತು ಎಷ್ಟ ಸಲ ನೋಡೀನಿ ನಾ.” ಅವರು ಇನ್ನೊಂದು ತುಣುಕು ಮುರಿದರು. “ಮಾತು ಬಾರದವ್ರ ಮುಂದ ಹೇಳೂದು ಚಲೋ ನೋಡ್ರಿ. ಯಾರಿಗೂ ಮುಟ್ಟಂಗಿಲ್ಲ.”

ಈ ಮನುಷ್ಯ ನನಗೇ ಹೇಳುತ್ತಿದ್ದಾನೆಯೆ, ಮೂಕನಿಗೆ ಹೇಳುತ್ತಿದ್ದಾನೆಯೆ? ಕರಿ ಕನ್ನಡಕದೊಳಗೆ ಇಣುಕಿ ನೋಡಿದೆ. ನನ್ನದೇ ಮುಖ ಕಂಡಿತು, ಮೀಸೆಗೆ ಹಿಂಡಿ ಅಂಟಿತ್ತು. ಕ್ಷಮಿಸಬೇಕು ಅನ್ನಿಸಿತು. ಕ್ಷಮೆ ಕೇಳದೆ ಇದ್ದವನನ್ನು ಕ್ಷಮಿಸುವುದು ಹೇಗೆ ಎಂದೂ ಅನ್ನಿಸಿತು. ಅವರು ಕೇಳಿದ್ದರು, ಆದರೆ ನನ್ನನ್ನಲ್ಲ.

ಅಷ್ಟರಲ್ಲಿ ಹಿಂಡಿಯ ಖಾರ ಏರಿತು. ತುಟಿ, ನಾಲಿಗೆ, ಕಿವಿ ಎಲ್ಲ ಉರಿಯತೊಡಗಿದವು. ನಾನು ಹಾ ಹಾ ಎಂದು ಬಾಯಿ ತೆರೆದದ್ದು ಕೇಳಿ ನಿಂಗಣ್ಣನವರು ಬಾಟಲಿ ಚಾಚಿದರು. “ನೀರು ಕುಡೀರಿ.”

ಮನೆಯಿಂದ ತಂದ ನೀರು. ಅವರ ಮನೆಯ ನೀರು! ರೊಟ್ಟಿಯ ವಿಷಯದಲ್ಲಿ ವಾದ ಮಾಡಬಹುದು, ಇದರಲ್ಲಿ ವಾದಕ್ಕೆ ಜಾಗವಿಲ್ಲ. ಬಾಟಲಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದೆ.

“ಕೈಯಾದ್ರೂ ತೊಳಕೊಳ್ರಿ.”

ಮುಟ್ಟುವುದಿಲ್ಲ ಎಂದದ್ದು ನಾನು. ಕೈ ತೊಳೆದರೂ ಮುಟ್ಟಿದಂತೆಯೇ. ತಳ್ಳಿದೆ. ಹುಡುಗಿ ನನ್ನನ್ನು ಹುಚ್ಚನೆಂಬಂತೆ ನೋಡಿದಳು. ನಿಂಗಣ್ಣನವರು “ಹಂಗಾ?” ಎಂದಷ್ಟೇ ಅಂದು ಬಾಟಲಿ ಮುಚ್ಚಿದರು. ಆ ‘ಹಂಗಾ’ದಲ್ಲಿ ಏನಿತ್ತೆಂದು ನಾನು ಇನ್ನೂ ಯೋಚಿಸುತ್ತೇನೆ.

ಕಮಲಾಪುರ ಬಂತು. ಕೆಳಗೆ ಅಳಿಯ ಆನಂದಕುಮಾರ ಬೈಕಿನೊಂದಿಗೆ ನಿಂತಿದ್ದ. ನಾನು ತಲೆ ತಗ್ಗಿಸಿದೆ. ನಿಂಗಣ್ಣನವರು ನಬಿಸಾಬನ ಕೈ ಹಿಡಿದು ಇಳಿದರು, ಬೈಕಿನ ಹಿಂದೆ ಕೂತು ಹೋದರು. ನಾನು ನಿಟ್ಟುಸಿರು ಬಿಟ್ಟು ಏಳಲು ನೋಡಿದರೆ ಬುತ್ತಿ ಡಬ್ಬಿ ನನ್ನ ತೊಡೆಯ ಪಕ್ಕದಲ್ಲಿತ್ತು. ಕೊಂಡಿ ಹಾಕಿತ್ತು. ಮರೆತರೋ? ಮರೆಯುವವರು ಕೊಂಡಿ ಹಾಕಿ, ನನ್ನ ಕಡೆಗೇ ಸರಿಸಿ ಇಡುತ್ತಾರೆಯೆ? ಕಣ್ಣು ಕಾಣದವರು ಇಟ್ಟರೂ ಇಟ್ಟಾರು.

ಡಬ್ಬಿ ಹಿಡಿದು ಇಳಿದೆ. ಉಂಡ ಮನೆಗೆ ಖಾಲಿ ಡಬ್ಬಿ ಒಯ್ಯಬಾರದು, ಏನಾದರೂ ತುಂಬಿ ಕೊಡಬೇಕು. ನಿಲ್ದಾಣದ ಹೊರಗೆ ಹಣ್ಣು ಮಾರುವ ಮಕ್ಬೂಲನ ಗಾಡಿಯಲ್ಲಿ ಕೆಂಪು ಬಾಳೆಹಣ್ಣು ಇದ್ದವು. ಒಂದೆರಡು ಹಣ್ಣು ತೆಗೆದುಕೊಂಡು, ಹಿಡಿಸುತ್ತವೆಯೇ ನೋಡೋಣವೆಂದು ಡಬ್ಬಿ ತೆರೆದೆ. ಮೇಲಿನದು ಖಾಲಿ. ಕೆಳಗಿನದು ಭಾರವಾಗಿತ್ತು. ಮುಚ್ಚಳ ತೆಗೆದರೆ ಮಡಿಸಿಟ್ಟ ಹೂರಣದ ಹೋಳಿಗೆ, ತುಪ್ಪ ಹೆಪ್ಪುಗಟ್ಟಿತ್ತು.

ನಾನು ಗಾಡಿಯ ಚೌಕಟ್ಟು ಹಿಡಿದು ನಿಂತೆ. ಸಕ್ಕರೆ ಬೇನೆಯ ಮಾವನಿಗೆ ಯಾವ ಸೊಸೆ ಹೋಳಿಗೆ ಕಟ್ಟುತ್ತಾಳೆ? ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದು ನಾನೇ ಅವಳಿಗೆ ಹೇಳಿದ್ದೆ. ಹಾಗಾದರೆ ಅವಳಿಗೆ ಗೊತ್ತಿತ್ತೆ? ಅವರಿಗೆ ಗೊತ್ತಿತ್ತೆ? ನಡುವಿನ ಸೀಟು ಖಾಲಿ ಇದ್ದದ್ದು ಯಾರಿಗೆ ಗೊತ್ತಿತ್ತು? “ಏನಾಯ್ತ್ರಿ ಸಾವ್ಕಾರ, ಪಾನಿ ಲಾವೂಂ ಕ್ಯಾ? ಮುಖ ಎಲ್ಲಾ ಕೆಂಪಾಗ್ಯಾದ” ಎಂದ ಮಕ್ಬೂಲ್. ಅವನ ಗಾಡಿಯ ಕೆಳಗೆ ನೀರಿನ ಕೊಡ ಇತ್ತು. ನನ್ನ ಬಾಯಿ ಉರಿಯುತ್ತಿತ್ತು. “ಬ್ಯಾಡಪ್ಪಾ” ಎಂದು ಹಣ್ಣನ್ನು ಮೇಲಿನ ಅಂತಸ್ತಿಗೆ ತುಂಬಿ, ರೊಕ್ಕ ಕೊಟ್ಟು ನಡೆದೆ. ಯಾಕೆ ಬೇಡ ಎಂದೆನೋ ಆಗ ನನಗೂ ಗೊತ್ತಿರಲಿಲ್ಲ.

ಗೇಟಿನ ಹತ್ತಿರ ಎಂದಿನ ಜಾಗದಲ್ಲಿ ನಿಂತೆ. ಅಂಬಿಕಾ ಹೊರಗೆ ಬಂದಳು. ಹೊಟ್ಟೆ ಮುಂದೆ ಬಂದಿತ್ತು, ನಡಿಗೆ ನಿಧಾನವಾಗಿತ್ತು. ಕೈಯಲ್ಲಿ ನೀರಿನ ತಂಬಿಗೆ. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದಳು, ನನ್ನ ಮೀಸೆ ನೋಡಿದಳು. ತಂಬಿಗೆ ಚಾಚಿದಳು, ಬೇಡ ಅನ್ನಿಸಿಕೊಂಡು ತಿರುಗಿ ಒಯ್ಯಲು ಸಿದ್ಧಳಾದವಳ ಹಾಗೆ.

“ಹೋಳಗಿ ಯಾರಿಗಿ ಕಟ್ಟಿದ್ದೆವ್ವಾ?” ಎಂದೆ.

“ದಾರ್ಯಾಗ ಹಸದವ್ರಿಗಿ,” ಎಂದಳು.

ನಾನು ಗೇಟು ತೆಗೆದು ಒಳಗೆ ಕಾಲಿಟ್ಟೆ. ತಂಬಿಗೆ ಇಸಿದುಕೊಂಡು ಎತ್ತಿ ಕುಡಿದೆ. ನೀರು ಗದ್ದದ ಮೇಲೆ, ಅಂಗಿಯ ಮೇಲೆ ಎಲ್ಲ ಹರಿಯಿತು. ಅಂಬಿಕಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

ಒಳಗೆ ಮಂಚದ ಮೇಲಿಂದ ನಿಂಗಣ್ಣನವರ ದನಿ ಬಂತು. “ಅಂಬಿಕಾ, ಆ ಮಾತು ಬಾರದ ಮನಷ್ಯಾಗ ನೀರು ಕೊಟ್ಟಿ ಏನವಾ?”

ಅಂಬಿಕಾ ನನ್ನ ಮುಖ ನೋಡಿದಳು.

“ಕೊಟ್ಟಾಳ್ರಿ ಬೀಗರ,” ಎಂದೆ ನಾನು, ಓಣಿಗೆಲ್ಲ ಕೇಳಿಸುವ ಹಾಗೆ. “ಇನ್ನೊಂದು ತಂಬಿಗಿ ಬೇಕು. ನಿಮ್ಮ ಮನಿ ಹಿಂಡಿ ಬಾಳ ಖಾರ.”